ಮೂತ್ರಪಿಂಡ ಸೋತಾಗ ಹೃದಯದ ಪಾಡು

ಆರೋಗ್ಯವಂತ ಮೂತ್ರಪಿಂಡಗಳು ವಾರದ 168 ಗಂಟೆಯೂ ರಕ್ತವನ್ನು ಶುದ್ಧಿ ಮಾಡುತ್ತಿರುತ್ತವೆ. ಡಯಾಲಿಸಿಸ್ ಯಂತ್ರ ಆ ಕೆಲಸವನ್ನು ಸಾಮಾನ್ಯವಾಗಿ ವಾರಕ್ಕೆ ಮೂರು ಬಾರಿ, ತಲಾ 4 ಗಂಟೆ, ಎಂದರೆ 12 ಗಂಟೆ ಮಾತ್ರ ಮಾಡುತ್ತದೆ. ಉಳಿದ 156 ಗಂಟೆಗಳ ಹೊರೆ ಬಹುಪಾಲು ಹೃದಯದ ಮೇಲೆ ಬೀಳುತ್ತದೆ.

ದೇಹದಲ್ಲೇ ಉಳಿದ ಉಪ್ಪು, ನೀರು ರಕ್ತದ ಒತ್ತಡವನ್ನು ಏರಿಸುತ್ತವೆ. ಹೃದಯದ ಎಡ ಕೆಳಕೋಣೆಯ ಗೋಡೆ ದಪ್ಪಗಾಗಿ ಪೆಡಸಾಗುತ್ತದೆ. ರಂಜಕದ ಅಂಶ ಹೆಚ್ಚಿದರೆ, ಅದು ಕ್ಯಾಲ್ಸಿಯಂ ಜೊತೆ ಸೇರಿ ರಕ್ತನಾಳಗಳನ್ನು ಗಡುಸಾಗಿಸುತ್ತದೆ. ಹಿಮೋಗ್ಲೋಬಿನ್ ಇಳಿದರೆ, ಆಮ್ಲಜನಕ ಪೂರೈಸಲು ಹೃದಯ ಇನ್ನಷ್ಟು ದುಡಿಯಬೇಕು. ಹೀಗೆ ದಣಿದು ಸೋಲುವುದೇ ಹೃದಯ ವೈಫಲ್ಯ. ಅದರ ಮುನ್ಸೂಚನೆಗಾಗಿಯೂ ವೈದ್ಯರು ಪದೇ ಪದೇ ರಕ್ತಪರೀಕ್ಷೆ ಮಾಡಿಸುತ್ತಾರೆ.

ಒಂದು ವಿಚಿತ್ರ ನೋಡಿ. ಕೊಲೆಸ್ಟರಾಲ್ ಕಡಿಮೆಯಿದ್ದರೆ ನಾವು ಸಂತೋಷಪಡುತ್ತೇವೆ. ಈ ರೋಗಿಗಳಲ್ಲಿ ಅದು ರಕ್ತದ ಪ್ರೋಟೀನಾದ ಅಲ್ಬುಮಿನ್ ಜೊತೆಗೇ ಕುಸಿದಿದ್ದರೆ, ಅಪೌಷ್ಟಿಕತೆ ಹಾಗೂ ಉರಿಯೂತದ ಎಚ್ಚರಿಕೆಯಾಗಿರಬಹುದು.

ಎಲ್ಲಕ್ಕಿಂತ ಸರಳ ಪರೀಕ್ಷೆ ತೂಕ ನೋಡುವುದು. ಎರಡು ಡಯಾಲಿಸಿಸ್‌ಗಳ ನಡುವೆ ಏರಿದ ತೂಕ ಬಹುತೇಕ ನೀರಿನದೇ: 1 ಲೀಟರಿಗೆ 1 ಕಿಲೋ. ಮನೆಯಲ್ಲಿ ಇಂಥವರಿದ್ದರೆ ಅವರ ಎಲೆಗೆ ಉಪ್ಪಿನಕಾಯಿ, ಹಪ್ಪಳ ಬಡಿಸಬೇಡಿ. ದಿನವೂ ತೂಕ ಬರೆದಿಡುವ ಕೆಲಸ ನಿಮ್ಮದಾಗಲಿ.