ಅಟ್ಟದ ಮೇಲೆ ಪಿಸ್ತೂಲು ಸಿಕ್ಕರೆ ಕೆಳಗೆ ಮಲಗಿದವನು ಅಪರಾಧಿಯೇ?

ಕೆಲವು ವಾರಗಳ ಹಿಂದೆ ವಕೀಲ ಗೆಳೆಯನೊಬ್ಬ ವಾಟ್ಸಾಪ್‌ನಲ್ಲಿ ಒಂದು ತೀರ್ಪಿನ ಪಿಡಿಎಫ್ ಕಳಿಸಿ, "ಓದು. ನೀನು ಜಡ್ಜ್ ಆಗಿದ್ರೆ ಏನ್ ಮಾಡ್ತಿದ್ದೆ ಹೇಳು" ಅಂತ ಒಂದೇ ಸಾಲು ಬರೆದಿದ್ದ. ಇಪ್ಪತ್ತೆರಡು ಪುಟ. ಐದನೇ ಪುಟಕ್ಕೆ ಬರುವಷ್ಟರಲ್ಲಿ ಹುಡುಗ ತಪ್ಪಿತಸ್ಥ ಅಂತ ನಾನು ತೀರ್ಮಾನಿಸಿಬಿಟ್ಟಿದ್ದೆ. ಇಪ್ಪತ್ತೆರಡನೇ ಪುಟ ಮುಗಿಸುವಾಗ ನನ್ನ ತೀರ್ಮಾನದ ಬಗ್ಗೆ ನನಗೇ ನಾಚಿಕೆಯಾಯಿತು.

ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಹೇಳುತ್ತೇನೆ. ಬೆಂಗಳೂರಿನ ಕೈಗಾರಿಕಾ ಬಡಾವಣೆಯೊಂದರಲ್ಲಿ ಮೂವರು ಹುಡುಗರು ಸೇರಿ ಹಿಡಿದಿದ್ದ ಬಾಡಿಗೆ ರೂಮು. ಬೇರೆ ಯಾವುದೋ ಕೇಸಿನ ಬೆನ್ನುಹತ್ತಿ ಬಂದ ಪೊಲೀಸರಿಗೆ ಬಚ್ಚಲಿನ ಮೇಲಿನ ಅಟ್ಟದಲ್ಲಿ, ಹಳೆಯ ಟವೆಲ್‌ನಲ್ಲಿ ಸುತ್ತಿಟ್ಟ ನಾಡ ಪಿಸ್ತೂಲು, ಎರಡು ಜೀವಂತ ಗುಂಡು ಸಿಕ್ಕವು. ಆಗ ರೂಮಲ್ಲಿದ್ದವನು ಒಬ್ಬನೇ. ಲೇತ್ ಮಷೀನ್ ಆಪರೇಟರ್, ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದ. ಇನ್ನೊಬ್ಬ ಊರಿಗೆ ಹೋಗಿದ್ದ. ಮೂರನೆಯವನು ಅವತ್ತಿನಿಂದ ನಾಪತ್ತೆ. ಬಾಡಿಗೆ ಕರಾರು ಇದ್ದದ್ದು ಮಲಗಿದ್ದವನ ಹೆಸರಲ್ಲಿ. ಮ್ಯಾಜಿಸ್ಟ್ರೇಟ್ ಕೋರ್ಟ್ ಅವನಿಗೆ ಎರಡು ವರ್ಷ ಶಿಕ್ಷೆ ಕೊಟ್ಟಿತು.

"ಗನ್ ಸಿಕ್ಕಿದೆ, ಶಿಕ್ಷೆ ಆಗಿದೆ, ಮೇಲ್ಮನವಿ ಹಾಕೋಕೆ ಇನ್ನೇನಿದೆ?" ಅಂತ ನೀವು ಕೇಳಬಹುದು. ನಾನೂ ಕೇಳಿದೆ. ಉತ್ತರ ಸಿಗಬೇಕಾದರೆ ಮೊದಲು ಕಾನೂನಿನಲ್ಲಿ 'ಹೊಂದಿರುವುದು' ಅಂದರೆ ಏನು ಅಂತ ನೋಡಬೇಕು.

ಸಿಕ್ಕಿತು ಅನ್ನುವುದು ಬೇರೆ, ಗೊತ್ತಿತ್ತು ಅನ್ನುವುದು ಬೇರೆ

1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಳ್ಳುವಂತಿಲ್ಲ. (ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆ ಚರ್ಚೆ ಇನ್ನೊಮ್ಮೆ ಮಾಡೋಣ.) ಉಲ್ಲಂಘಿಸಿದವರಿಗೆ 25(1ಬಿ)(ಎ) ಅಡಿ ಶಿಕ್ಷೆ. 2019ರ ತಿದ್ದುಪಡಿಗೆ ಮೊದಲು ಅದು ಕನಿಷ್ಠ 1, ಗರಿಷ್ಠ 3 ವರ್ಷ ಇತ್ತು. ಈಗ ಕನಿಷ್ಠ 2, ಗರಿಷ್ಠ 5. ಅದಕ್ಕಿಂತ ಕಡಿಮೆ ಕೊಡಬೇಕಾದರೆ ನ್ಯಾಯಾಧೀಶರು ವಿಶೇಷ ಕಾರಣ ಬರೆಯಬೇಕು.

ಆದರೆ ವಸ್ತುವೊಂದು ನಿಮ್ಮ ಹತ್ತಿರದಲ್ಲಿ ಇದ್ದ ಮಾತ್ರಕ್ಕೆ ಅದನ್ನು ನೀವು 'ಹೊಂದಿದ್ದೀರಿ' ಎಂದಾಗುವುದಿಲ್ಲ. ಗುಣವಂತಲಾಲ್ ಕೇಸಿನಲ್ಲಿ 1972ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಆ ವಸ್ತು ಅಲ್ಲಿದೆ ಎಂಬ ಅರಿವು ಇರಬೇಕು. ಕೈಯಲ್ಲಿ ಇಲ್ಲದಿದ್ದರೂ ಅದರ ಮೇಲೆ ಹಿಡಿತ ಇರಬೇಕು. 1994ರ ಸಂಜಯ್ ದತ್ ಕೇಸಿನಲ್ಲಿ ಸಂವಿಧಾನ ಪೀಠ, ಟಾಡಾ ಕಾಯ್ದೆಯ ಸಂದರ್ಭದಲ್ಲಿ, 'ಪ್ರಜ್ಞಾಪೂರ್ವಕ ಹೊಂದುವಿಕೆ' ಇರಲೇಬೇಕು ಅಂದಿತು. ನೆನಪಿರಲಿ, ಅದೇ ದತ್ ಮುಂದೆ ಟಾಡಾದಿಂದ ಪಾರಾದರೂ ಶಸ್ತ್ರಾಸ್ತ್ರ ಕಾಯ್ದೆಯಡಿ ತಪ್ಪಿತಸ್ಥನಾದ. 2013ರಲ್ಲಿ ಸುಪ್ರೀಂ ಕೋರ್ಟ್ ಆರು ವರ್ಷದ ಶಿಕ್ಷೆಯನ್ನು ಐದಕ್ಕೆ ಇಳಿಸಿತೇ ಹೊರತು ಬಿಡಲಿಲ್ಲ. ಅಂದರೆ ಈ ತತ್ವ ತಪ್ಪಿಸಿಕೊಳ್ಳುವ ಕಳ್ಳಕಿಂಡಿಯೇನಲ್ಲ. ಗೊತ್ತಿದ್ದು ಇಟ್ಟುಕೊಂಡವನು ಇದರಿಂದ ಬಚಾವಾಗಲ್ಲ. ಬ್ಯಾಗಿನ ಮೂಲೆಯಲ್ಲಿ ಮರೆತುಹೋದ ಒಂಟಿ ಗುಂಡು ವಿಮಾನ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಸಿಕ್ಕಿಬಿದ್ದ ಹಲವು ಕೇಸುಗಳನ್ನು ದೆಹಲಿ ಹೈಕೋರ್ಟ್ ರದ್ದು ಮಾಡಿರುವುದು ಇದೇ ತತ್ವದ ಮೇಲೆ.

ಇಲ್ಲೇ ಸಾಂದರ್ಭಿಕ ಸಾಕ್ಷ್ಯ ಬರುವುದು. ಪಿಸ್ತೂಲು ಅಟ್ಟದಲ್ಲಿ ಸಿಕ್ಕಿತು ಅನ್ನುವುದನ್ನು ನೋಡಿದವರು ಹೇಳಬಹುದು. ಅದು ಅಲ್ಲಿದೆ ಅಂತ ಹುಡುಗನಿಗೆ ಗೊತ್ತಿತ್ತು ಅನ್ನುವುದನ್ನು ಯಾರೂ ನೋಡಿರಲು ಸಾಧ್ಯವಿಲ್ಲ, ತಲೆಯೊಳಗೆ ಸಿಸಿಟಿವಿ ಇರಲ್ಲವಲ್ಲ. ಹಾಗಾಗಿ ಅರಿವನ್ನು ಸುತ್ತಲಿನ ಸಂಗತಿಗಳಿಂದಲೇ ಊಹಿಸಬೇಕು.

ಈ ಊಹೆ ಯಾವಾಗ ಸಾಬೀತಾಗುತ್ತದೆ ಅನ್ನುವುದಕ್ಕೆ ನಮ್ಮಲ್ಲಿ ಕಟ್ಟುನಿಟ್ಟಾದ ಅಳತೆಗೋಲಿದೆ. 1984ರ ಶರದ್ ಬಿರ್ದಿಚಂದ್ ಸಾರ್ಡಾ ತೀರ್ಪು. ವಕೀಲರು ಅದನ್ನು ಪಂಚಶೀಲ ಅಂತಲೇ ಕರೆಯುತ್ತಾರೆ. ಪ್ರತಿ ಸಂಗತಿಯೂ ಪೂರ್ತಿ ಸಾಬೀತಾಗಿರಬೇಕು, 'ಆಗಿರಬಹುದು' ಸಾಲದು. ಎಲ್ಲ ಸಂಗತಿಗಳೂ ಆರೋಪಿಯ ತಪ್ಪಿನ ಕಡೆಗೇ ಬೆರಳು ತೋರಿಸಬೇಕು. ಅವನು ನಿರಪರಾಧಿ ಅನ್ನುವ ಬೇರೆ ಯಾವ ಸಮಂಜಸ ವಿವರಣೆಗೂ ಜಾಗ ಉಳಿಯಬಾರದು. ಸರಪಳಿ ಎಲ್ಲೂ ತುಂಡಾಗಿರಬಾರದು. ನಾನು ಎಲೆಕ್ಟ್ರಿಕಲ್ ಓದಿದವನು. ನನಗೆ ಇದು ಸೀರೀಸ್ ಸರ್ಕ್ಯೂಟ್ ಥರ ಕಾಣುತ್ತದೆ. ಹತ್ತು ಬಲ್ಬ್‌ಗಳಲ್ಲಿ ಒಂಬತ್ತು ಚೆನ್ನಾಗಿದ್ದು ಒಂದು ಸುಟ್ಟುಹೋಗಿದ್ದರೂ ಬೆಳಕು ಬರಲ್ಲ. 'ಒಂಬತ್ತು ಚೆನ್ನಾಗಿದ್ಯಲ್ಲ ಸಾರ್' ಅನ್ನುವ ವಾದ ಅಲ್ಲಿ ನಡೆಯಲ್ಲ.

ನಮ್ಮ ಹುಡುಗನ ಸರಪಳಿ

ಮ್ಯಾಜಿಸ್ಟ್ರೇಟ್ ನೆಚ್ಚಿಕೊಂಡ ಕೊಂಡಿಗಳು ಇವು: ಕರಾರು ಅವನ ಹೆಸರಲ್ಲಿತ್ತು. ನಾಪತ್ತೆಯಾದವನ ಜೊತೆ ಫೋನ್ ಸಂಪರ್ಕ ಇತ್ತು. ಪಿಸ್ತೂಲು ಕಂಡಾಗ ತಬ್ಬಿಬ್ಬಾದ. ಠಾಣೆಯಲ್ಲಿ 'ಸ್ವಇಚ್ಛಾ ಹೇಳಿಕೆ' ಕೊಟ್ಟ. ಅದು ಅಲ್ಲಿಗೆ ಹೇಗೆ ಬಂತು ಅಂತ ಕೋರ್ಟಿನಲ್ಲಿ ವಿವರಿಸಲಿಲ್ಲ.

ಒಂದೊಂದನ್ನೇ ಎಳೆದು ನೋಡಿ. ಮೂವರಿರುವ ಜಾಗದ ಬಗ್ಗೆ ಶಸ್ತ್ರಾಸ್ತ್ರ ಕಾಯ್ದೆಯೇ 35ನೇ ಸೆಕ್ಷನ್‌ನಲ್ಲಿ ಹೇಳುತ್ತದೆ. ಜಂಟಿಯಾಗಿ ವಾಸಿಸುವ ಜಾಗದಲ್ಲಿ ಆಯುಧ ಸಿಕ್ಕರೆ, ಅದು ಅಲ್ಲಿರುವುದು ಯಾರಿಗೆ ತಿಳಿದಿತ್ತು ಎಂದು ನಂಬಲು ಕಾರಣವಿದೆಯೋ ಅವರೆಲ್ಲ, ತದ್ವಿರುದ್ಧ ಸಾಬೀತಾಗದ ಹೊರತು, ಹೊಣೆಗಾರರು. ಪ್ರಾಸಿಕ್ಯೂಷನ್ ಇದನ್ನು 'ನೀನೇ ಸಾಬೀತು ಮಾಡು' ಅನ್ನುವಂತೆ ಓದುತ್ತದೆ. ಆದರೆ ಆ ಹೊರೆ ಆರೋಪಿಯ ತಲೆಗೆ ಬೀಳುವುದು ಮೊದಲ ಷರತ್ತು, ಅಂದರೆ ಅರಿವಿತ್ತು ಎಂದು ನಂಬಲು ಕಾರಣ, ಪೂರೈಸಿದ ಮೇಲೆ ತಾನೆ? ಕರಾರಿನಲ್ಲಿ ಸಹಿ ಹಾಕಿದ್ದು ಬಾಡಿಗೆ ಕೊಡುತ್ತೇನೆ ಅನ್ನುವುದಕ್ಕೆ ಸಾಕ್ಷಿ. ಅಟ್ಟ ಹತ್ತಿ ಟವೆಲ್ ಬಿಚ್ಚಿ ನೋಡಿದ್ದ ಅನ್ನುವುದಕ್ಕಲ್ಲ. ನಾನು ಬೆಂಗಳೂರಿನಲ್ಲಿ ನಾಲ್ಕು ರೂಮು ಬದಲಿಸಿದ್ದೇನೆ. ಹಿಂದಿನ ಬಾಡಿಗೆದಾರ ಅಟ್ಟದಲ್ಲಿ ಏನು ಬಿಟ್ಟು ಹೋಗಿದ್ದ ಅಂತ ಒಮ್ಮೆಯೂ ಹತ್ತಿ ನೋಡಿಲ್ಲ. ಇನ್ನು ರೂಮ್‌ಮೇಟ್‌ಗೆ ಫೋನ್ ಮಾಡುವುದು, ಪೊಲೀಸರೆದುರು ಪಿಸ್ತೂಲು ಕಂಡು ತಬ್ಬಿಬ್ಬಾಗುವುದು. ಯಾರು ಮಾಡಲ್ಲ, ಯಾರು ಆಗಲ್ಲ?

ಸ್ವಇಚ್ಛಾ ಹೇಳಿಕೆ ದೊಡ್ಡ ವಿಷಯ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ. ಒಂದೇ ಅಪವಾದ, ಆ ಹೇಳಿಕೆಯಿಂದ ಹೊಸ ಸಂಗತಿಯೊಂದು ಪತ್ತೆಯಾದರೆ, ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಭಾಗ ಮಾತ್ರ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಇದು 27ನೇ ಸೆಕ್ಷನ್, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್‌ನ ಪರಂತುಕ. ಪುಲುಕುರಿ ಕೊಟ್ಟಯ್ಯ ಎಂಬ ಸ್ವಾತಂತ್ರ್ಯಪೂರ್ವದ ಕೇಸಿನಲ್ಲಿ ಪ್ರಿವಿ ಕೌನ್ಸಿಲ್ ಕೊಟ್ಟ ಉದಾಹರಣೆಯನ್ನು ಇವತ್ತಿಗೂ ಪ್ರತಿ ಲಾ ಕಾಲೇಜಿನಲ್ಲಿ ಹೇಳಿಕೊಡುತ್ತಾರೆ. ಸೂರಿನಲ್ಲಿ ಬಚ್ಚಿಟ್ಟ ಚಾಕು ತೆಗೆದುಕೊಡುತ್ತೇನೆ ಅಂದದ್ದು ಬಳಕೆಗೆ ಬರುತ್ತದೆ. ಅದರಿಂದಲೇ ಇಂಥವನಿಗೆ ಇರಿದೆ ಅಂದದ್ದು ಬರುವುದಿಲ್ಲ. ನಮ್ಮ ಕೇಸಿನಲ್ಲಿ ತಮಾಷೆ ನೋಡಿ, ಪಿಸ್ತೂಲು ಸಿಕ್ಕಿದ್ದು ಬೆಳಿಗ್ಗೆ, ಹೇಳಿಕೆ ಬರೆದುಕೊಂಡದ್ದು ಸಂಜೆ. ಸಿಕ್ಕಾದ ಮೇಲೆ ಪತ್ತೆ ಮಾಡುವುದಕ್ಕೆ ಉಳಿದಿದ್ದೇನು? ಮ್ಯಾಜಿಸ್ಟ್ರೇಟ್ ಇದನ್ನು ಗಮನಿಸಿಲ್ಲ. ಹುಡುಗನ ವಕೀಲರೂ ಪಾಟೀಸವಾಲಿನಲ್ಲಿ ಕೇಳಿಲ್ಲ.

ವಿವರಿಸಲಿಲ್ಲ ಅನ್ನುವ ಕೊಂಡಿಗೆ ಸಾರ್ಡಾ ತೀರ್ಪಿನಲ್ಲೇ ಉತ್ತರ ಇದೆ. ಪ್ರಾಸಿಕ್ಯೂಷನ್ ತನ್ನ ಸರಪಳಿಯನ್ನು ತಾನೇ ಪೂರ್ತಿ ಮಾಡಬೇಕು. ಆರೋಪಿಯ ಸುಳ್ಳು ಅಥವಾ ಪೊಳ್ಳು ವಾದವನ್ನು ತಂದು ಖಾಲಿ ಜಾಗಕ್ಕೆ ತೇಪೆ ಹಾಕುವಂತಿಲ್ಲ. ಸುಳ್ಳು ಹೇಳಿದರೇ ಹಾಗಾದರೆ, ಸುಮ್ಮನಿದ್ದವನ ಮೌನವನ್ನು ತೇಪೆ ಮಾಡುವುದು ಹೇಗೆ?

ಇದೆಲ್ಲ ಅರಿವಿನ ಮಾತಾಯಿತು. ಪಿಸ್ತೂಲೇ ಸರಿಯಾದದ್ದಾ ಅನ್ನುವುದು ಇನ್ನೊಂದು. ಮಹಜರಿನಲ್ಲಿ ಸ್ಥಳದಲ್ಲೇ ಸೀಲ್ ಹಾಕಿದ ಉಲ್ಲೇಖ ಇಲ್ಲ. ಎಫ್‌ಎಸ್‌ಎಲ್‌ಗೆ ಹೋಗುವವರೆಗೆ ಆ ಮುದ್ದೆಮಾಲು ಯಾರ ಸುಪರ್ದಿಯಲ್ಲಿತ್ತು ಅಂತ ಯಾರೂ ಸಾಕ್ಷಿ ಹೇಳಿಲ್ಲ. 1995ರ ಅಮರ್‌ಜಿತ್ ಸಿಂಗ್ ಕೇಸಿನಲ್ಲಿ ರಿವಾಲ್ವರ್‌ಗೆ ಸ್ಥಳದಲ್ಲೇ ಸೀಲ್ ಮಾಡದಿದ್ದುದನ್ನು ಸುಪ್ರೀಂ ಕೋರ್ಟ್ ಗಂಭೀರ ಲೋಪ ಅಂತ ಪರಿಗಣಿಸಿತ್ತು, ಬದಲಾಯಿಸಿರುವ ಸಾಧ್ಯತೆ ತಳ್ಳಿಹಾಕಲಾಗದು ಎಂದು. ಇಬ್ಬರು ಪಂಚರಲ್ಲಿ ಒಬ್ಬ ಪ್ರತಿಕೂಲ ಸಾಕ್ಷಿಯಾದ. ಇನ್ನೊಬ್ಬ ಅದೇ ಠಾಣೆಯ ಬೇರೆ ಮಹಜರುಗಳಿಗೂ ಸಹಿ ಹಾಕಿದ್ದಾನೆ. ಬೆರಳಚ್ಚು ತೆಗೆಸಲೇ ಇಲ್ಲ. ಅಂದಹಾಗೆ ಇದು 2024ರ ಜುಲೈಗೆ ಮೊದಲಿನ ಕೇಸು. ಈಗ ಬಿಎನ್‌ಎಸ್‌ಎಸ್ 105ರ ಪ್ರಕಾರ ಶೋಧ ಮತ್ತು ಜಪ್ತಿಯನ್ನು ವಿಡಿಯೋ ಮಾಡಲೇಬೇಕು. ಮೇಲ್ಮನವಿಗಳಲ್ಲಿ ಇನ್ನು ಮುಂದೆ ಮೊದಲ ಪ್ರಶ್ನೆಯೇ 'ವಿಡಿಯೋ ಎಲ್ಲಿ ಸ್ವಾಮಿ?' ಅಂತ ಇರಲಿದೆ.

ಶಸ್ತ್ರಾಸ್ತ್ರ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಇಂಥ ಕೇಸಿಗೆ ಜಿಲ್ಲಾ ಮ್ಯಾಜಿಸ್ಟ್ರೇಟರ ಪೂರ್ವಾನುಮತಿಯೂ ಬೇಕು. ಇಲ್ಲಿ ಅನುಮತಿ ಇದೆ, ಒಂದು ಪುಟದ್ದು. ಅದರ ಮೇಲೆ ವಾದ ಮಾಡಿ ಉಪಯೋಗವಿಲ್ಲ ಅಂದ ಗೆಳೆಯ.

ಇನ್ನೊಂದು ಬದಿಯನ್ನೂ ಹೇಳಬೇಕು. ಎಲ್ಲರೂ ಓಡಾಡುವ ಬಯಲಲ್ಲಿ ಸಿಕ್ಕ ಮಾಲು ಆರೋಪಿಯ ವಶದಲ್ಲಿತ್ತು ಅನ್ನಲಾಗದು ಎಂದು 1954ರ ತ್ರಿಂಬಕ್ ತೀರ್ಪು ಹೇಳುತ್ತದೆ. ಅದನ್ನು ಹಿಡಿದುಕೊಂಡು ಓಡುವವರಿಗೆ 1999ರ ಜೀತ್ ಸಿಂಗ್ ತೀರ್ಪು ಬ್ರೇಕ್ ಹಾಕಿತು. ಜಾಗ ಎಲ್ಲರಿಗೂ ತೆರೆದಿತ್ತಾ ಅನ್ನುವುದಕ್ಕಿಂತ ವಸ್ತು ಎಲ್ಲರ ಕಣ್ಣಿಗೆ ಬೀಳುವಂತಿತ್ತಾ ಅನ್ನುವುದು ಮುಖ್ಯ ಎಂದಿತು. ಮರೆಯಲ್ಲಿ ಹೂತಿಟ್ಟದ್ದನ್ನು ಆರೋಪಿಯೇ ತೋರಿಸಿಕೊಟ್ಟರೆ ಅವನಿಗೆ ಗೊತ್ತಿತ್ತು ಅಂತಲೇ ಅರ್ಥ. ನಮ್ಮ ಹುಡುಗ ತೋರಿಸಿಕೊಟ್ಟಿರಲಿಲ್ಲ. ಹುಡುಕಿದ್ದು ಕಾನ್‌ಸ್ಟೇಬಲ್. ಇಡೀ ಮೇಲ್ಮನವಿ ನಿಂತಿರುವುದು ಬಹುಶಃ ಈ ಒಂದು ವ್ಯತ್ಯಾಸದ ಮೇಲೆ.

ಮೂವತ್ತು ದಿನ

ಮ್ಯಾಜಿಸ್ಟ್ರೇಟ್ ಕೋರ್ಟಿನ ಶಿಕ್ಷೆಯ ವಿರುದ್ಧ ಸೆಷನ್ಸ್ ಕೋರ್ಟಿಗೆ 30 ದಿನದಲ್ಲಿ ಮೇಲ್ಮನವಿ ಹಾಕಬೇಕು. ಸೆಷನ್ಸ್ ಕೋರ್ಟೇ ಶಿಕ್ಷೆ ಕೊಟ್ಟಿದ್ದರೆ ಹೈಕೋರ್ಟಿಗೆ 60 ದಿನ. ತೀರ್ಪಿನ ದೃಢೀಕೃತ ಪ್ರತಿ ಪಡೆಯಲು ಹಿಡಿದ ದಿನಗಳು ಲೆಕ್ಕಕ್ಕೆ ಬರಲ್ಲ. ತಡವಾದರೆ ಕಾರಣ ಕೊಟ್ಟು ಮನ್ನಿಸಿ ಅಂತ ಕೇಳಬಹುದು. ವಿಚಾರಣೆ ವೇಳೆ ಜಾಮೀನಿನಲ್ಲಿದ್ದು, ಶಿಕ್ಷೆ ಮೂರು ವರ್ಷ ಮೀರದಿದ್ದರೆ, ಶಿಕ್ಷೆ ಕೊಟ್ಟ ಕೋರ್ಟೇ ಮೇಲ್ಮನವಿ ಹಾಕುವವರೆಗೆ ಜಾಮೀನು ಕೊಡಬೇಕು, ಬೇಡ ಅನ್ನಲು ವಿಶೇಷ ಕಾರಣ ಇರಬೇಕು. ಹಳೆಯ ಸಿಆರ್‌ಪಿಸಿ 389, ಈಗಿನ ಬಿಎನ್‌ಎಸ್‌ಎಸ್ 430. ಅಲ್ಲೇ ಅರ್ಜಿ ಕೊಡದೆ ಜೈಲು ಸೇರಿದವರನ್ನು ಬಹಳ ನೋಡಿದ್ದೇನೆ ಅನ್ನುತ್ತಾನೆ ಗೆಳೆಯ. ಜೈಲಿನಲ್ಲಿದ್ದವರು ಜೈಲಧಿಕಾರಿಯ ಮೂಲಕವೇ ಮೇಲ್ಮನವಿ ಕಳಿಸಬಹುದು. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100.

ಮೊದಲ ಮೇಲ್ಮನವಿಯಲ್ಲಿ ಸೆಷನ್ಸ್ ಕೋರ್ಟ್ ಎಲ್ಲ ಸಾಕ್ಷ್ಯವನ್ನೂ ಹೊಸದಾಗಿ ತೂಗಿ ನೋಡಬೇಕು. ಅಲ್ಲೂ ಸೋತರೆ ಹೈಕೋರ್ಟಿಗೆ ಹೋಗುವುದು ರಿವಿಷನ್ ಅರ್ಜಿಯಾಗಿ, ಅಲ್ಲಿ ಸಾಕ್ಷ್ಯವನ್ನು ಮತ್ತೆ ಕೆದಕುವುದಕ್ಕೆ ಹೆಚ್ಚು ಅವಕಾಶ ಇಲ್ಲ. ಹಾಗಾಗಿ ನಿಜವಾದ ಆಟ ಇರುವುದು ಇಲ್ಲೇ. 'ಟೆಕ್ನಿಕಲ್ ಕಾರಣಕ್ಕೆ ಬಿಟ್ರು' ಅನ್ನುವ ಮಾತನ್ನು ನಾವೆಲ್ಲ ಟೈಮ್‌ಲೈನಿನಲ್ಲಿ ಸಲೀಸಾಗಿ ಬರೆಯುತ್ತೇವೆ. ಸೀಲ್ ಟೆಕ್ನಿಕಲ್ ಅಲ್ಲ. ಕೋರ್ಟಿನ ಮೇಜಿನ ಮೇಲಿರುವ ಪಿಸ್ತೂಲು ಅಟ್ಟದಲ್ಲಿ ಸಿಕ್ಕಿದ್ದೇ ಅನ್ನುವುದಕ್ಕೆ ಇರುವ ಒಂದೇ ಗ್ಯಾರಂಟಿ ಅದು.

ನನಗೂ ಅಕ್ರಮ ಪಿಸ್ತೂಲುಗಳ ಬಗ್ಗೆ ಸಿಟ್ಟಿದೆ. 2015ರಲ್ಲಿ ಧಾರವಾಡದಲ್ಲಿ ಕಲಬುರ್ಗಿಯವರನ್ನು, 2017ರಲ್ಲಿ ಬೆಂಗಳೂರಿನಲ್ಲಿ ಗೌರಿಯವರನ್ನು ಮನೆ ಬಾಗಿಲಲ್ಲೇ ಗುಂಡಿಕ್ಕಿ ಕೊಂದ ನಾಡು ಇದು. ಹಾಗೆಂದೇ ಈ ತೀರ್ಪು ನನ್ನನ್ನು ಹೆಚ್ಚು ಕಾಡಿತು. ಇಪ್ಪತ್ತೆರಡು ಪುಟಗಳಲ್ಲಿ ಆ ಪಿಸ್ತೂಲನ್ನು ಮಾಡಿದ್ದು ಯಾರು, ಮಾರಿದ್ದು ಯಾರು, ನಾಪತ್ತೆಯಾದವನು ಎಲ್ಲಿದ್ದಾನೆ ಅನ್ನುವ ಬಗ್ಗೆ ಒಂದು ಸಾಲೂ ಇಲ್ಲ. ಕೈಗೆ ಸಿಕ್ಕಿದವನ ಮೇಲೆ ಫೈಲು ಮುಚ್ಚಿದೆ.

ಗೆಳೆಯನಿಗೆ ವಾಪಸ್ ಮೆಸೇಜ್ ಹಾಕಿದೆ, "ಬಿಡ್ತಿದ್ದೆ." ಅವನು ಉತ್ತರಿಸಿದ್ದು, "ನೀನು ಬಿಟ್ಟು ಏನ್ ಪ್ರಯೋಜನ ಮಾರಾಯ." ಮೇಲ್ಮನವಿ ದಾಖಲಾಗಿದೆ, ಶಿಕ್ಷೆಗೆ ತಡೆ ಸಿಕ್ಕಿದೆ. ಕೆಳ ಕೋರ್ಟಿನ ದಾಖಲೆ ಇನ್ನೂ ಬಂದಿಲ್ಲ ಅಂತ ಎರಡು ಸಲ ಮುಂದೂಡಿದ್ದಾರೆ. ಹುಡುಗನ ತಾಯಿ ಪ್ರತಿ ವಾಯಿದೆಗೂ ಊರಿಂದ ರಾತ್ರಿ ಬಸ್ಸಿಗೆ ಬರುತ್ತಾರಂತೆ. ಬರಬೇಕಾಗಿಲ್ಲ ಅಮ್ಮ, ವಕೀಲರಿದ್ದರೆ ಸಾಕು ಅಂತ ಇವನು ಎಷ್ಟು ಹೇಳಿದರೂ ಕೇಳಲ್ಲವಂತೆ.