ಕಾರ್ಡು ಯಾರದು, ಹಿಡಿತ ಯಾರದು?

ಪ್ರಶ್ನೆ: ಎದುರಾಳಿಯ ವಿಶಿಷ್ಟ ಕಾರ್ಡನ್ನು ವಶಪಡಿಸಿಕೊಂಡಾಗ, ಅದೇ ಹೆಸರಿನ ಸ್ವಂತ ಕಾರ್ಡಿನ ಗತಿ ಏನು? (ನಾಗ್ಪುರದ ಓದುಗರು)

ರಿಚರ್ಡ್ ಗಾರ್ಫೀಲ್ಡ್ ರೂಪಿಸಿ 1993ರಲ್ಲಿ ಬಂದ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಆಟವನ್ನೇ ನೋಡಿ. ಕಾರ್ಡನ್ನು ತನ್ನ ಕಟ್ಟಿನಲ್ಲಿ ತಂದವನೇ ಒಡೆಯ. ಕಣದಲ್ಲಿ ಅದನ್ನು ಆಡಿಸುವವನು ಬೇರೆಯವನಾಗಿರಬಹುದು. ನಾಗ್ಪುರದವರಿಗೆ ಇದೇನು ಹೊಸತಲ್ಲ: ನಜೂಲ್ ಜಮೀನು ಸರ್ಕಾರದ್ದು, ಮನೆ ಕಟ್ಟಿ ಕೂತವರು ಗುತ್ತಿಗೆದಾರರು.

ವಿಶಿಷ್ಟ ಕಾರ್ಡುಗಳಿಗೆ ಈ ಆಟದಲ್ಲಿ ‘ಲೆಜೆಂಡರಿ’ ಎಂದು ಹೆಸರು; ಅವುಗಳ ನಿಯಮ ನೋಡುವುದು ಹಿಡಿತವನ್ನು ಮಾತ್ರ. ಒಬ್ಬನ ಹಿಡಿತದಲ್ಲಿ ಒಂದೇ ಹೆಸರಿನ ಎರಡಿದ್ದರೆ ಒಂದನ್ನು ಬಿಡಲೇಬೇಕು. ಯಾವುದೆಂಬುದು ಅವನ ಆಯ್ಕೆ. ಬಿಟ್ಟದ್ದು ಎದುರಾಳಿಯ ಕಾರ್ಡಾದರೆ ಒಡೆಯನ ‘ಗ್ರೇವ್‌ಯಾರ್ಡ್’ಗೇ (ತ್ಯಜಿಸಿದ ಕಾರ್ಡುಗಳ ರಾಶಿಗೆ) ಹೋಗುತ್ತದೆ. ಕದ್ದವನಿಗೆ ಅಷ್ಟರ ಮಟ್ಟಿಗೆ ನಷ್ಟ.

2004ರಿಂದ 2013ರವರೆಗೆ ನಿಯಮ ಇನ್ನೂ ಕಟುವಾಗಿತ್ತು: ಇಬ್ಬರ ಬಳಿ ಒಂದೊಂದಿದ್ದರೂ ಎರಡೂ ಸಾಯುತ್ತಿದ್ದವು. ಈಗ ಎದುರುಬದುರು ನಿಲ್ಲಲು ಅಡ್ಡಿಯಿಲ್ಲ.