ಕರೆಯಲ್ಲಿ ಹುಟ್ಟದ 9.55

2020ರ ಫೆಬ್ರವರಿ ನಡುವಿನ ಒಂದು ಬೆಳಿಗ್ಗೆ. ಉದ್ಯಾವರ ಪೇಟೆಯ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದೆ. ಪಕ್ಕದ ಮೇಜಿನವರು ಮೊಬೈಲನ್ನು ಲೋಟಕ್ಕೆ ಒರಗಿಸಿಟ್ಟು ಒಂದೇ ವಿಡಿಯೊವನ್ನು ಮತ್ತೆ ಮತ್ತೆ ನೋಡುತ್ತಿದ್ದರು. ಎರಡು ಕೋಣಗಳು, ಅವುಗಳ ಹಿಂದೆ ಕೆಸರಲ್ಲಿ ಮಿಂದ ಒಬ್ಬ ಗಟ್ಟಿ ಯುವಕ. “ಮಾರಾಯ್ರೆ, ನಮ್ಮ ಮಿಜಾರಿನ ಜನ ಬೋಲ್ಟನ್ನೇ ಸೋಲಿಸಿದ್ದಾರೆ, ನೋಡಿದ್ರಾ?” ಎಂದು ನನ್ನ ಕಡೆಗೂ ತಿರುಗಿಸಿದರು. ಎದೆಯುಬ್ಬಿತು, ಸುಳ್ಳು ಹೇಳಲಾರೆ. ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕಿ ನೋಡಿದ್ದು ಆಮೇಲೆ.

ನಡೆದದ್ದು ಇಷ್ಟು. ಆ ವರ್ಷ ಫೆಬ್ರವರಿ 1ರ ಐಕಳ ಕಂಬಳದಲ್ಲಿ ಮೂಡುಬಿದಿರೆ ಸಮೀಪದ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು ಓಡಿಸಿದ ಕೋಣಗಳು 142.50 ಮೀಟರ್ ಉದ್ದದ ಕರೆಯನ್ನು, ಅಂದರೆ ಕೋಣ ಓಡುವ ಕೆಸರು ಹಾದಿಯನ್ನು, 13.62 ಸೆಕೆಂಡುಗಳಲ್ಲಿ ಮುಗಿಸಿದವು. ಗೌಡರಿಗೆ ಆಗ 28 ವರ್ಷ, ಕಟ್ಟಡ ಕೆಲಸದಲ್ಲಿ ದುಡಿಯುತ್ತಿದ್ದವರು. ಕಂಬಳದ ಮಟ್ಟಿಗೆ ಅದು ಬಹಳ ಒಳ್ಳೆಯ ಸಮಯ, ಊರಿನವರು ಮೆಚ್ಚಿಕೊಂಡರು. ವಿಷಯ ಅಲ್ಲಿಗೇ ನಿಂತಿದ್ದರೆ ಯಾರಿಗೂ ಸಂಶಯ ಬರುತ್ತಿರಲಿಲ್ಲ.

ಆದರೆ ಯಾರೋ ಆ 13.62ನ್ನು 142.5ರಿಂದ ಭಾಗಿಸಿ ನೂರರಿಂದ ಗುಣಿಸಿದರು. 9.55 ಬಂತು. 2009ರ ಆಗಸ್ಟ್‌ನಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ ಓಡಿದ್ದು 9.58. ಹೀಗೆ ಒಂದು ವಿಶ್ವದಾಖಲೆ ಹುಟ್ಟಿಕೊಂಡಿತು, ಕರೆಯಲ್ಲಲ್ಲ, ಕ್ಯಾಲ್ಕುಲೇಟರಿನಲ್ಲಿ. ಹತ್ತು ಹದಿನೈದು ದಿನಗಳಲ್ಲಿ ಅದು ದೇಶವನ್ನೆಲ್ಲ ಸುತ್ತಿ ಬಂತು. ಉದ್ಯಮಿ ಆನಂದ್ ಮಹೀಂದ್ರ ಟ್ವೀಟ್ ಮಾಡಿದರು. ಗೌಡರನ್ನು ಕರೆಸಿ ಕ್ರೀಡಾ ಪ್ರಾಧಿಕಾರದ ಕೋಚ್‌ಗಳ ಮುಂದೆ ಓಡಿಸುವುದಾಗಿ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಹೇಳಿದರು. ಮುಖ್ಯಮಂತ್ರಿ ಯಡಿಯೂರಪ್ಪನವರು ಬೆಂಗಳೂರಿಗೆ ಕರೆಸಿ ಸನ್ಮಾನಿಸಿ 3 ಲಕ್ಷ ರೂಪಾಯಿ ಕೊಟ್ಟರು.

ನನ್ನ ಬಿಲ್ಲಿನ ಹಿಂಬದಿಯ ಲೆಕ್ಕಕ್ಕೆ ಬರುತ್ತೇನೆ. ಭಾಗಿಸಿದರೆ ಸಿಗುವುದು 9.558. ಅಥ್ಲೆಟಿಕ್ಸ್‌ನಲ್ಲಿ ಸಮಯವನ್ನು ಯಾವಾಗಲೂ ಮೇಲಿನ ಅಂಕಿಗೇ ಏರಿಸುತ್ತಾರೆ, ಹಾಗಾಗಿ ಅದು 9.56 ಆಗಬೇಕಿತ್ತು. ಸಣ್ಣ ವಿಷಯ ಅನ್ನಿಸಬಹುದು. ಆದರೆ ಬೋಲ್ಟ್‌ಗಿಂತ ಮುಂದೆ ಎಂಬ ಮಾತು ನಿಂತಿರುವುದೇ ಇಂಥ ಸಣ್ಣ ಅಂಚಿನ ಮೇಲೆ. ಕರೆಯ ಉದ್ದ 33 ಸೆಂಟಿಮೀಟರ್ ಕಡಿಮೆ ಇದ್ದಿದ್ದರೆ, ಅಂದರೆ ಒಂದು ಅಡಿಗಿಂತ ತುಸು ಹೆಚ್ಚು, ಅದೇ 13.62 ಸೆಕೆಂಡಿಗೆ ಬರುವುದು 9.58. ಒಂದು ಮೊಳ ಕಡಿಮೆಯಾದರೆ ಬೋಲ್ಟ್ ಮುಂದೆ. ಕೆಸರು ಗದ್ದೆಯ ಬದುವನ್ನು ಒಂದು ಮೊಳದ ಲೆಕ್ಕಕ್ಕೆ ಹಿಡಿದು ನಿಲ್ಲಿಸುವುದು ಎಷ್ಟು ಕಷ್ಟ ಎಂದು ಗದ್ದೆಗೆ ಇಳಿದವರಿಗೆ ಹೇಳಬೇಕಾಗಿಲ್ಲ. ನೀರು ಹಾಯಿಸಿ ಕೋಣ ಓಡಿಸಿದಷ್ಟೂ ಅಂಚು ಕರಗುತ್ತದೆ, ಮತ್ತೆ ಮಣ್ಣು ಮೆತ್ತುತ್ತಾರೆ.

ಇನ್ನು ಗಡಿಯಾರ. ಬರ್ಲಿನ್‌ನಲ್ಲಿ ಪಿಸ್ತೂಲಿನ ಸದ್ದಿಗೇ ಗಡಿಯಾರ ತಾನಾಗಿ ಶುರುವಾಗುತ್ತದೆ, ಕೊನೆಯ ಗೆರೆಯಲ್ಲಿ ಫೋಟೊ ಫಿನಿಷ್ ಕ್ಯಾಮೆರಾ ಓಟಗಾರನ ಎದೆಯನ್ನು ನೋಡುತ್ತದೆ, ಗಾಳಿ ಸೆಕೆಂಡಿಗೆ 2 ಮೀಟರ್ ಮೀರಿ ಬೆನ್ನ ಹಿಂದಿನಿಂದ ಬೀಸಿದರೆ ದಾಖಲೆಯೇ ಇಲ್ಲ. ಕಂಬಳಕ್ಕೂ ಲೇಸರ್ ಬಂದಿದೆ, ಅದು ದೊಡ್ಡ ಸುಧಾರಣೆ. ಹಿಂದೆ ಓಟ ಮುಗಿಯುವ ಮಂಜೊಟ್ಟಿಯಲ್ಲಿ ಕಣ್ಣಂದಾಜಿನ ತೀರ್ಪಿಗೆ ಎಷ್ಟು ಜಗಳವಾಗುತ್ತಿತ್ತೆಂದು ಹಿರಿಯರನ್ನು ಕೇಳಬೇಕು. ಆದರೆ ಆ ಲೇಸರನ್ನು ತಂದದ್ದು ಯಾವ ಜೋಡಿ ಮುಂದೆ ಎಂದು ತಿಳಿಯಲು. ಕಂಬಳದಲ್ಲಿ ಗೆಲ್ಲುವುದು ಕೋಣ. ಪತ್ರಿಕೆಯ ಫಲಿತಾಂಶದಲ್ಲೂ ಮೊದಲು ಬರುವುದು ಕೋಣದ ಯಜಮಾನರ ಹೆಸರು, ಆಮೇಲೆ “ಓಡಿಸಿದವರು” ಎಂದು ಓಟಗಾರನದು. ಕೋಣದ ಮೂತಿ ಗೆರೆ ದಾಟುವಾಗ ಓಟಗಾರ ಇನ್ನೂ ಹಿಂದೆ ಇರುತ್ತಾನೆ. ಆ ವೇಗದಲ್ಲಿ ಒಂದು ಮೀಟರ್ ಎಂದರೆ ಸೆಕೆಂಡಿನ ಹತ್ತನೇ ಒಂದು ಭಾಗ. ಇಡೀ ವಿಶ್ವದಾಖಲೆ ಅದರೊಳಗೆ ಮುಳುಗಿ ಹೋಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಓಟಗಾರ ಒಂಟಿಯಲ್ಲ. ಅವನ ಕೈಯಲ್ಲಿ ಹಗ್ಗವೋ ನೇಗಿಲೋ ಇರುತ್ತದೆ, ಅದರ ಇನ್ನೊಂದು ತುದಿಯಲ್ಲಿ ಎರಡು ಕೋಣಗಳ ಎಳೆತ. ಅಷ್ಟು ವೇಗದ ಎಳೆತಕ್ಕೆ ಕಾಲು ಕೊಡುತ್ತ, ಮೊಣಕಾಲಿನ ಸುತ್ತ ಸಿಡಿಯುವ ಕೆಸರಲ್ಲಿ ಬೀಳದೆ ಉಳಿಯುವುದೇ ಒಂದು ವಿದ್ಯೆ. ಆ ವಿದ್ಯೆ ಬೋಲ್ಟ್‌ಗೆ ಗೊತ್ತಿಲ್ಲ. ಬೋಲ್ಟ್ ಮ್ಯಾಂಚೆಸ್ಟರ್‌ನ ರಸ್ತೆಯಲ್ಲಿ ಹಾಸಿದ ನೇರ ಟ್ರ್ಯಾಕ್‌ನಲ್ಲಿ 150 ಮೀಟರನ್ನು 14.35 ಸೆಕೆಂಡಿಗೆ ಓಡಿದ್ದಾರೆ. ನೂರಕ್ಕೆ ಇಳಿಸಿದರೆ 9.57, ಐಕಳದ ಅಂಕಿಗೆ ತೀರ ಹತ್ತಿರ. ಆದರೆ ಒಂದರಲ್ಲಿ ಓಡಿದ್ದು ಎರಡು ಕಾಲು, ಇನ್ನೊಂದರಲ್ಲಿ ಹತ್ತು.

ಹೋಲಿಕೆಯ ಪೊಳ್ಳು ಬಯಲಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಅದೇ ಫೆಬ್ರವರಿ 16ರಂದು ವೇಣೂರು ಕಂಬಳದಲ್ಲಿ ನಮ್ಮ ಕಾರ್ಕಳ ಕಡೆಯ ಬಜಗೋಳಿ ಜೋಗಿಬೆಟ್ಟಿನ ನಿಶಾಂತ್ ಶೆಟ್ಟಿಯವರು 143 ಮೀಟರನ್ನು 13.61 ಸೆಕೆಂಡಿಗೆ ಮುಗಿಸಿದರು. ಅಂಕಿ 9.52ಕ್ಕೆ ಇಳಿಯಿತು. 2021ರಲ್ಲಿ ಗೌಡರದೇ ಇನ್ನೊಂದು ಓಟ 8.78 ಎಂದು ವರದಿಯಾಯಿತು. ಒಂದೂಕಾಲು ವರ್ಷದೊಳಗೆ ಬೋಲ್ಟ್‌ಗಿಂತ ಮುಕ್ಕಾಲು ಸೆಕೆಂಡಿಗೂ ಹೆಚ್ಚು ಮುಂದೆ! ಮನುಷ್ಯನ ಕಾಲಿಗೆ ಅದು ಸಾಧ್ಯವಿಲ್ಲ. ಆದರೆ ಕೋಣಗಳ ಜೊತೆಗೆ ಓಡಿದ ಮನುಷ್ಯನಿಗೆ ಅದು ಸುಳ್ಳೂ ಆಗಬೇಕಾಗಿಲ್ಲ.

ಆಗ ನಾವೆಲ್ಲ ಆ ಅಂಕಿಗೆ ಯಾಕೆ ಅಷ್ಟು ಆತುರದಿಂದ ಅಂಟಿಕೊಂಡೆವು? ನನಗೆ ಅನ್ನಿಸುವುದು, ಹಿಂದಿನ ಆರು ವರ್ಷಗಳ ಗಾಯ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಜಲ್ಲಿಕಟ್ಟು ತೀರ್ಪಿನ ಬಳಿಕ ಕಂಬಳದ ತಲೆಯ ಮೇಲೂ ಕತ್ತಿ ತೂಗಿತು. ಕರೆಗಳು ಖಾಲಿ ಬಿದ್ದವು. 2017ರ ತಿದ್ದುಪಡಿ ಕಾನೂನಿನಿಂದ ಮತ್ತೆ ಉಸಿರು ಬಂತು. ಅದನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು 2023ರ ಮೇ ತಿಂಗಳಲ್ಲಿ. ನಡುವಿನ ಆ ವರ್ಷಗಳಲ್ಲಿ ಕಂಬಳವೆಂದರೆ ಹಿಂಸೆ ಎಂದಷ್ಟೇ ಕೇಳಿ ಬೇಸತ್ತಿದ್ದ ಕರಾವಳಿಗೆ, ಕಂಬಳವೆಂದರೆ ಬೋಲ್ಟ್‌ಗಿಂತ ವೇಗ ಎಂದು ಜಗತ್ತೇ ಹೇಳಿದಾಗ ಕಿವಿ ತಣ್ಣಗಾಯಿತು.

ದೂರ ಮತ್ತು ಸಮಯ ತಾಳೆಯಾಗದ ಇನ್ನೊಂದು ಹಳೆಯ ಕಥೆ ನನಗೆ ಇಲ್ಲಿ ನೆನಪಾಗುತ್ತದೆ. ಅಮೆರಿಕದ ರಾಬರ್ಟ್ ಪಿಯರಿ 1909ರ ಏಪ್ರಿಲ್ 6ರಂದು ಉತ್ತರ ಧ್ರುವ ಮುಟ್ಟಿದೆ ಎಂದರು. ಅವರ ಮಾತು ಹೊರಬೀಳುವ ಕೆಲವೇ ದಿನ ಮೊದಲು ಫ್ರೆಡರಿಕ್ ಕುಕ್, ತಾನು ಅದಕ್ಕೂ ಒಂದು ವರ್ಷ ಹಿಂದೆಯೇ ಹೋಗಿದ್ದೆ ಎಂದಿದ್ದರು. ಕುಕ್ ಅವರ ಕಾಗದಪತ್ರಗಳಲ್ಲಿ ಪುರಾವೆಯಿಲ್ಲ ಎಂದು ಕೋಪನ್‌ಹೇಗನ್ ವಿಶ್ವವಿದ್ಯಾಲಯ ಆ ಡಿಸೆಂಬರಿನಲ್ಲೇ ತೀರ್ಮಾನಿಸಿತು. ಪಿಯರಿಗೆ ಅಮೆರಿಕದ ಸಂಸತ್ತಿನ ಮನ್ನಣೆ ಸಿಕ್ಕಿತು. ಆದರೆ ಸಂಶಯ ಸಾಯಲಿಲ್ಲ. ತಂಡದಲ್ಲಿ ಸ್ಥಾನ ಗುರುತಿಸಿ ತಾಳೆ ನೋಡಬಲ್ಲವರಾಗಿದ್ದ ಬಾರ್ಟ್‌ಲೆಟ್ ಎಂಬವರನ್ನು ಪಿಯರಿ ಧ್ರುವದಿಂದ ಸುಮಾರು 245 ಕಿಲೋಮೀಟರ್ ಇರುವಾಗಲೇ ಹಿಂದಕ್ಕೆ ಕಳಿಸಿದ್ದರು. ಪಿಯರಿಯ ಜೊತೆ ಉಳಿದವರು ಮ್ಯಾಥ್ಯೂ ಹೆನ್ಸನ್ ಮತ್ತು ನಾಲ್ವರು ಇನ್ಯೂಟರು. ಬಾರ್ಟ್‌ಲೆಟ್ ಹಿಂತಿರುಗಿದ್ದೇ ತಡ, ಪಿಯರಿಯ ಲೆಕ್ಕದಲ್ಲಿ ದಿನದ ನಡಿಗೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಅವರ ದಿನಚರಿಯಲ್ಲಿ ಏಪ್ರಿಲ್ 6ರ ಪುಟ ಖಾಲಿ, ಧ್ರುವ ಮುಟ್ಟಿದ ಮಾತು ಇರುವುದು ಒಂದು ಬಿಡಿ ಹಾಳೆಯಲ್ಲಿ. ಅದೇ ಹಿಮದ ಮೇಲೆ 1969ರಲ್ಲಿ ಧ್ರುವಕ್ಕೆ ನಡೆದುಹೋದ ವಾಲಿ ಹರ್ಬರ್ಟ್ ಇದನ್ನೆಲ್ಲ ಪರಿಶೀಲಿಸಿ, ಪಿಯರಿ ತಲುಪಿರಲಿಲ್ಲ ಎಂದು 1989ರಲ್ಲಿ ಬರೆದರು. ಧ್ರುವದಲ್ಲಿ ನೆಲವಿಲ್ಲ, ತೇಲುವ ಹಿಮ ಮಾತ್ರ. ನೆಟ್ಟ ಬಾವುಟವೂ ಹಿಮದ ಜೊತೆ ಸರಿದು ಹೋಗುತ್ತದೆ.

ಈ ಎರಡು ಕಥೆಗಳ ನಡುವೆ ಒಂದು ವ್ಯತ್ಯಾಸವಿದೆ, ಅದನ್ನು ಹೇಳದೆ ಹೋದರೆ ಗೌಡರಿಗೆ ಅನ್ಯಾಯ. ಪಿಯರಿ ತನ್ನ ದಾಖಲೆಯನ್ನು ತಾನೇ ಸಾರಿದವರು, ಅದಕ್ಕಾಗಿ ಕೊನೆಯವರೆಗೂ ಹೋರಾಡಿದವರು. ಗೌಡರು ತಾನು ಬೋಲ್ಟ್‌ಗಿಂತ ಮುಂದೆ ಎಂದು ಸಾರಿಕೊಂಡವರಲ್ಲ. ಬೋಲ್ಟ್ ವಿಶ್ವ ಚಾಂಪಿಯನ್, ನಾನು ಗದ್ದೆಯಲ್ಲಿ ಓಡುವವನು ಎಂಬರ್ಥದ ಮಾತನ್ನೇ ಅವರು ಹೇಳಿದ್ದು. ಗೆಲುವಿನ ಪಾಲನ್ನು ಕೋಣಗಳಿಗೂ ಕೊಟ್ಟರು. ಟ್ರ್ಯಾಕ್‌ನಲ್ಲಿ ಓಡುವುದು ಕಾಲಿನ ತುದಿಬೆರಳಿನ ಮೇಲೆ, ಕಂಬಳದಲ್ಲಿ ಹಿಮ್ಮಡಿಯ ಮೇಲೆ ಎಂದು ವಿವರಿಸಿ ಟ್ರಯಲ್ಸ್‌ಗೆ ಹೋಗಲಿಲ್ಲ. ಅವರು ಹೆದರಿದರು ಎಂದವರಿದ್ದಾರೆ. ನಾನು ಹಾಗೆ ತಿಳಿದಿಲ್ಲ, ತನ್ನ ಕೆಲಸ ಏನೆಂದು ಬಲ್ಲ ಮನುಷ್ಯನ ಮಾತು ಅದು. ಕಂಬಳ ಅಕಾಡೆಮಿಯ ಗುಣಪಾಲ ಕಡಂಬರು ಕೂಡ ಒಲಿಂಪಿಕ್ಸ್‌ನವರ ಬಳಿ ಹೆಚ್ಚು ವೈಜ್ಞಾನಿಕ ಸಲಕರಣೆಗಳಿವೆ, ನಮಗೆ ಹೋಲಿಕೆ ಬೇಡ ಎಂದೇ ಹೇಳಿದ್ದರು. ಆ ಮಾತಿಗೆ ಬೆಲೆ ಕೊಟ್ಟವರು ಕಡಿಮೆ. ಕೊನೆಗೆ 2022ರಲ್ಲಿ ದಾಖಲೆ ನಿಜವೋ ಸುಳ್ಳೋ ಎಂಬ ವಾದ ಪೊಲೀಸ್ ಠಾಣೆಯವರೆಗೂ ಹೋಯಿತು. ಹೋಲಿಸಿದವರ ತಪ್ಪಿಗೆ ಕಳಂಕ ಹೊತ್ತದ್ದು ಓಡಿದ ಮನುಷ್ಯ ಎಂಬುದು ನನಗೆ ಇವತ್ತಿಗೂ ನೋವಿನ ವಿಷಯ.

ಇಂಥ ಗೊಂದಲ ತಪ್ಪಿಸುವ ದಾರಿಯಿದೆ. ಕರೆಗಳ ಉದ್ದ ಊರಿಂದ ಊರಿಗೆ ಬೇರೆ. ಐಕಳದ್ದೂ ವೇಣೂರಿನದ್ದೂ ಒಂದೇ ಅಲ್ಲ. ಪ್ರತಿ ಕಂಬಳದ ಮುಂಚಿನ ದಿನ ಕರೆಯನ್ನು ಎಲ್ಲರ ಎದುರು ಅಳೆದು, ಗಡಿಯಾರ ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆಂದು ಬರೆದಿಟ್ಟರೆ, ಕಂಬಳಕ್ಕೆ ಕಂಬಳದ್ದೇ ದಾಖಲೆ ಪುಸ್ತಕ ಆಗುತ್ತದೆ. ಅದರಲ್ಲಿ ಕೋಣದ ಹೆಸರೂ ಇರಲಿ, ಓಟಗಾರನದೂ ಇರಲಿ.

ಉದ್ಯಾವರದಿಂದ ಹೆದ್ದಾರಿಯಲ್ಲಿ ತುಸು ತೆಂಕಕ್ಕೆ ಹೋದರೆ ಕಟಪಾಡಿ. ಅಲ್ಲಿಯ ಮೂಡು-ಪಡು ಜೋಡುಕರೆ ಕಂಬಳದಲ್ಲಿ ನಾನು ಬಿಡದೆ ನೋಡುವುದು ಕನೆಹಲಗೆ. ತೂತುಗಳಿರುವ ಸಣ್ಣ ಹಲಗೆಯ ಮೇಲೆ ಒಂದು ಕಾಲೂರಿ, ಕೋಣದ ಬಾಲ ಹಿಡಿದು ಓಟಗಾರ ಬರುತ್ತಾನೆ. ಹಲಗೆಯ ತೂತಿನಿಂದ ನೀರು ಬುಗ್ಗೆಯಾಗಿ ಏಳುತ್ತದೆ. ಕರೆಗೆ ಅಡ್ಡಲಾಗಿ ಆರೂವರೆ ಕೋಲು ಎತ್ತರದಲ್ಲಿ ಬಟ್ಟೆಯ ನಿಶಾನೆ, ಅದರಾಚೆ ಏಳೂವರೆ ಕೋಲಿನದು. ಕೋಣ ದಾಟಿ ಹೋದ ಮೇಲೆ, ನೀರು ತಾಗಿತೇ ಎಂದು ಸಾವಿರಾರು ಕಣ್ಣು ಮೇಲಕ್ಕೆ ನೋಡುತ್ತವೆ. ಬಟ್ಟೆಯ ಅಂಚಿನಿಂದ ಕೆಸರುನೀರು ಹನಿಹನಿಯಾಗಿ ತೊಟ್ಟಿಕ್ಕುತ್ತಿರುತ್ತದೆ.